ಅಣ್ಣಯ್ಯನ ಪರವಾಗಿ ವಂದನೆಗಳು

ನನ್ನ ಹಿರಿಯ ಅಣ್ಣ, ನಮ್ಮ ಬಂಧುಬಳಗಕ್ಕೆಲ್ಲ ‘ಅಣ್ಣಯ್ಯ’ ಆಗಿದ್ದವರು, 2025ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿರುವ ತಮ್ಮ ಮನೆಯಲ್ಲಿ, ಅತ್ತಿಗೆಯೂ ಮಕ್ಕಳೂ ಬಳಿಯಲ್ಲಿದ್ದಾಗಲೇ, ತಮ್ಮ 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಾಯಿಲೆಯ ದಿನಗಳಲ್ಲಿ ಅಡುಗೆಯ ಡಬ್ಬಿಯನ್ನು ಬಾಗಿಲಲ್ಲಿಟ್ಟು, ಮಲಗಿದವರಿಗೆ ಎಚ್ಚರವಾದೀತೆಂದು ಕರೆಗಂಟೆಯನ್ನೂ ಒತ್ತದೆ ಹಿಂದಿರುಗಿದವರು, ಆಸ್ಪತ್ರೆಗೆ ಕರೆದೊಯ್ಯಲು ತಮ್ಮ ಕೆಲಸಕ್ಕೆ ರಜೆ ಹಾಕಿ ಬಂದವರು, ಫ್ಲಶಿಂಗಿನಲ್ಲಿ ನಡೆದ ನುಡಿನಮನಕ್ಕೆ ದೂರದ ರಾಜ್ಯಗಳಿಂದ ಪ್ರಯಾಣ ಮಾಡಿದವರು, ಊರಿನಲ್ಲಿ ಉತ್ತರಕ್ರಿಯೆಗೆ ಹೆಗಲು ಕೊಟ್ಟವರು, ಇವರಲ್ಲಿ ಒಬ್ಬೊಬ್ಬರಿಗೂ ಕೈಯಾರೆ ಪತ್ರ ಬರೆಯಬೇಕೆಂಬುದು ಅತ್ತಿಗೆಯವರ ಆಸೆ. ಸದ್ಯಕ್ಕೆ ಅದು ಅವರಿಂದ ಆಗದ ಕೆಲಸವಾದ್ದರಿಂದ, ಕುಟುಂಬದ ಪರವಾಗಿ ನಾನು ಇದನ್ನು ಬರೆಯುತ್ತಿದ್ದೇನೆ.

ನುಡಿನಮನದಲ್ಲಿ ಮಾತನಾಡಿದವರೆಲ್ಲ ಅಣ್ಣಯ್ಯನವರದು ಬಹುಮುಖ ಪ್ರತಿಭೆ ಎಂದರು. ಸೇತುವೆಗಳ ಇಂಜಿನಿಯರು, ಮದ್ದಳೆಗಾರರು, ವೇಷವಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ, ಒಳ್ಳೆಯ ಬಡಗಿ, ನೂರು ಜನಕ್ಕೆ ಅಡುಗೆ ಮಾಡಬಲ್ಲವರು, ಭಾನುವಾರದ ಕನ್ನಡ ಮೇಷ್ಟ್ರು, ಯಾರಿಗೆ ಬೇಕಾದರೂ ವೀಸಾ ಅರ್ಜಿ ತುಂಬಿಕೊಡುವವರು ಎಂದು ಒಬ್ಬರಾದ ಮೇಲೆ ಒಬ್ಬರು ನೆನೆದರು. ಅದೆಲ್ಲವೂ ನಿಜ. ಆದರೆ ಅದನ್ನು ಕೇಳುತ್ತ ಕುಳಿತಿದ್ದ ನನಗೆ ಇನ್ನೊಂದು ಸಂಗತಿ ಬಲವಾಗಿ ಮನಸ್ಸಿಗೆ ಬಂತು. ಊರು ಬಿಟ್ಟು ಬಂದವರ ಎಷ್ಟೋ ವಿದ್ಯೆಗಳು ಕೇಳುವವರಿಲ್ಲದೆ ಕೈಬಿಟ್ಟು ಹೋಗುತ್ತವೆ. ಅಣ್ಣಯ್ಯನವರಿಗೆ ಹಾಗಾಗಲಿಲ್ಲ, ಏಕೆಂದರೆ ನೀವು ಕೇಳಿದಿರಿ. ಮದ್ದಳೆ ಕಲಿಸುತ್ತೀರಾ ಎಂದು ಯಾರೋ ಕೇಳಿದರು, ಮದುವೆಯ ಮಂಟಪ ಕಟ್ಟಿಕೊಡುತ್ತೀರಾ ಎಂದು ಇನ್ಯಾರೋ ಕೇಳಿದರು, ತಮ್ಮನನ್ನು ಕರೆಸಿಕೊಳ್ಳುವುದು ಹೇಗೆಂದು ಮತ್ತೊಬ್ಬರು ಕೇಳಿದರು. ನಿಮಗೆ ಉಪಕಾರವಾಯಿತೆಂದು ನೀವು ಕೃತಜ್ಞತೆ ಹೇಳಿದಿರಿ. ಕೇಳಿದ್ದಕ್ಕಾಗಿ ಕೃತಜ್ಞತೆ ಹೇಳಬೇಕಾದವರು ನಾವು.

ಅಣ್ಣಯ್ಯ ಹುಟ್ಟಿದ್ದು 1941ರಲ್ಲಿ, ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ. ಅಡಿಕೆ ತೋಟ, ತಗ್ಗಿನಲ್ಲಿ ಒಂದಿಷ್ಟು ಗದ್ದೆ, ಮಳೆಗಾಲದಲ್ಲಿ ತಾಳಮದ್ದಳೆ, ಇಷ್ಟೇ ನಮ್ಮ ಲೋಕ. ಬೆಂಗಳೂರಿನ ಕೆ.ಆರ್. ವೃತ್ತದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿ ಅವರು ಸೇರಿದ ಮೊದಲ ಕೆಲಸ ಶರಾವತಿ ಯೋಜನೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ಏರಿದಾಗ ನಮ್ಮ ಗದ್ದೆಯೂ ಮುಳುಗಿತು, ನಂಟರ ಮನೆಗಳೂ ಮುಳುಗಿದವು, ತುಮರಿಯ ಸುತ್ತಲಿನ ಊರುಗಳು ನೀರಿನ ಆಚೆ ದ್ವೀಪದಂತೆ ಉಳಿದುಕೊಂಡವು. ಮರುವರ್ಷ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಬಂದು ವಿದ್ಯುತ್ ಯೋಜನೆಯನ್ನು ಉದ್ಘಾಟಿಸಿದರು. ನಾಡಿಗೆ ಬೆಳಕು ಕೊಟ್ಟ ಕೆಲಸದಲ್ಲಿ ತಮ್ಮದೂ ಪಾಲಿದೆಯೆಂಬ ಹೆಮ್ಮೆ, ಆ ಕೆಲಸವೇ ತಮ್ಮವರ ನೆಲವನ್ನು ನುಂಗಿತೆಂಬ ಸಂಕಟ, ಎರಡೂ ಅವರಲ್ಲಿ ಕೊನೆಯವರೆಗೆ ಇದ್ದವು. ಅವರು ಆ ವಿಷಯವನ್ನು ತಾವಾಗಿ ಎತ್ತುತ್ತಿರಲಿಲ್ಲ, ನಾವೂ ಕೆದಕುತ್ತಿರಲಿಲ್ಲ.

ಅಮೆರಿಕ 1965ರಲ್ಲಿ ತನ್ನ ವಲಸೆ ಕಾನೂನನ್ನು ಬದಲಿಸುವವರೆಗೆ ಭಾರತದಿಂದ ವರ್ಷಕ್ಕೆ 100 ಮಂದಿಗಷ್ಟೇ ಅಲ್ಲಿ ನೆಲೆಸುವ ಅವಕಾಶವಿತ್ತು. ಹೊಸ ಕಾನೂನು ಇಂಜಿನಿಯರುಗಳಿಗೂ ವೈದ್ಯರಿಗೂ ಬಾಗಿಲು ತೆರೆದ ಮೇಲೆ ಹೊರಟ ತಲೆಮಾರಿಗೆ ಸೇರಿದವರು ಅಣ್ಣಯ್ಯ. 1970ರಲ್ಲಿ, ಆಗಿನ ವಿದೇಶಿ ವಿನಿಮಯದ ನಿಯಮದಂತೆ ಜೇಬಿನಲ್ಲಿ 8 ಡಾಲರ್ ಇಟ್ಟುಕೊಂಡು ಹೋದರು. ಮೊದಲ ವರ್ಷಗಳ ಕಷ್ಟಗಳನ್ನು ಅವರು ಪತ್ರದಲ್ಲಿ ಬರೆಯುತ್ತಿರಲಿಲ್ಲ. ಅವರ ಏರೋಗ್ರಾಮುಗಳ ತುಂಬ ಇರುತ್ತಿದ್ದದ್ದು ಲೆಕ್ಸಿಂಗ್ಟನ್ ಅವೆನ್ಯೂವಿನ ಕಲುಸ್ತ್ಯಾನ್ಸ್ ಅಂಗಡಿಯಲ್ಲಿ ತೊಗರಿಬೇಳೆ ಸಿಕ್ಕಿತೆಂಬ ಸಂಭ್ರಮ, ಹಿಮ ಬಿದ್ದ ಬೆಳಗಿನ ವರ್ಣನೆ, ತೋಟಕ್ಕೆ ಮದ್ದು ಹೊಡೆಸಿದಿರಾ ಎಂಬ ವಿಚಾರಣೆ. ನೀಲಿ ಕಾಗದದ ಅಂಚಿನ ಮಡಿಕೆಯಲ್ಲೂ ಜಾಗ ಬಿಡದೆ, ಪ್ರತಿಯೊಬ್ಬರ ಹೆಸರು ಹಿಡಿದು ಒಂದೊಂದು ಸಾಲು ಬರೆಯುತ್ತಿದ್ದರು. ನಮ್ಮ ಮನೆಯ ಎಮ್ಮೆಗೂ ಒಮ್ಮೆ ಒಂದು ಸಾಲು ಇತ್ತು.

ನಾನು ಇನ್ನೂ ಊರಿನಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ನನಗೆ ಈಗ ತಿಳಿಸಿಕೊಟ್ಟವರು ಅಣ್ಣಯ್ಯನವರ ಹಳೆಯ ಕಟ್ಟಡದಲ್ಲಿ ಎದುರು ಮನೆಯಲ್ಲಿದ್ದ ಗ್ರೀಕ್ ಮೂಲದ ಕುಟುಂಬದ ಮಗಳು. ಫ್ಲಶಿಂಗಿನ ಶ್ರೀ ಮಹಾವಲ್ಲಭ ಗಣಪತಿ ದೇವಸ್ಥಾನದಲ್ಲಿ 1977ರ ಜುಲೈ 4ರಂದು ಪ್ರತಿಷ್ಠಾಪನೆ ನಡೆದು, ಅಲ್ಲಿ ಹಗಲೂ ರಾತ್ರಿ ದುಡಿದ ಆಯಾಸ ಇನ್ನೂ ಆರುವ ಮೊದಲೇ, ಜುಲೈ 13ರ ರಾತ್ರಿ ನ್ಯೂಯಾರ್ಕ್ ನಗರದ ಬಹುಭಾಗಕ್ಕೆ ವಿದ್ಯುತ್ ಹೋಯಿತು. ಸೆಕೆಯ ದಿನಗಳು, ನಗರದ ಹಲವೆಡೆ ಲೂಟಿ ಮತ್ತು ಬೆಂಕಿ. ಮರುದಿನವೂ ಕರೆಂಟು ಬರದೆ, ಎಲ್ಲರ ಫ್ರಿಜ್ಜಿನ ಹಾಲೂ ಒಡೆಯುವ ಸ್ಥಿತಿಗೆ ಬಂದಾಗ, ಅಣ್ಣಯ್ಯ ಮಹಡಿ ಮಹಡಿ ಹತ್ತಿ ಹಾಲು ಸಂಗ್ರಹಿಸಿ, ಗ್ಯಾಸ್ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಅಕ್ಕಿ ಪಾಯಸ ಮಾಡಿ, ಮೇಣದಬತ್ತಿಯ ಬೆಳಕಿನಲ್ಲಿ ಮೆಟ್ಟಿಲುಗಳ ಮೇಲೆ ಕುಳಿತವರಿಗೆಲ್ಲ ಬಡಿಸಿದರಂತೆ. ಅಲ್ಲಿಯವರೆಗೆ ಒಬ್ಬರಿಗೊಬ್ಬರು ಮುಖ ನೋಡದಿದ್ದ ಮನೆಗಳವರು ಆ ರಾತ್ರಿ ಹೆಸರು ಕೇಳಿಕೊಂಡರಂತೆ. ಆಗ ಚಿಕ್ಕ ಹುಡುಗಿಯಾಗಿದ್ದ ಆಕೆ, ಏಲಕ್ಕಿಯ ವಾಸನೆ ಬಂದಾಗಲೆಲ್ಲ ಆ ಕತ್ತಲೆ ನೆನಪಾಗುತ್ತದೆ, ಭಯವಂತೂ ನೆನಪಿಲ್ಲ ಎಂದು ಹೇಳಿದರು. ಇದನ್ನು ನಮಗೆ ಕೊಟ್ಟದ್ದಕ್ಕೆ ಅವರಿಗೆ ನಮ್ಮ ಹೃತ್ಪೂರ್ವಕ ವಂದನೆಗಳು.

ವೃತ್ತಿಯ ಬದುಕಿನ ಬಹುಪಾಲನ್ನು ಅಣ್ಣಯ್ಯ ಕಳೆದದ್ದು ನಗರದ ಸೇತುವೆಗಳ ತಪಾಸಣೆಯಲ್ಲಿ. ಈಸ್ಟ್ ನದಿಯ ಮೇಲಿನ ದೊಡ್ಡ ಸೇತುವೆಗಳಲ್ಲಿ ಹಲವು ಆಗಲೇ ಮುದಿಯಾಗಿದ್ದವು. 1903ರಲ್ಲಿ ತೆರೆದ ವಿಲಿಯಮ್ಸ್‌ಬರ್ಗ್ ಸೇತುವೆಯ ಕೇಬಲ್ ತಂತಿಗಳಿಗೆ ಸತುವಿನ ಲೇಪನವೇ ಇರಲಿಲ್ಲ. 1988ರ ಏಪ್ರಿಲಿನಲ್ಲಿ ಆ ಸೇತುವೆಯ ಉಕ್ಕಿನ ತೊಲೆಗಳು ತುಕ್ಕು ತಿಂದಿರುವುದು ಕಂಡು, ವಾಹನಗಳನ್ನೂ ರೈಲುಗಳನ್ನೂ ನಿಲ್ಲಿಸಬೇಕಾಯಿತು. ಆ ತಿಂಗಳುಗಳಲ್ಲಿ ಅಣ್ಣಯ್ಯ ಮನೆಗೆ ಬರುತ್ತಿದ್ದದ್ದು ನಿದ್ದೆಗೆ ಮಾತ್ರ. ಅವರ ಜೊತೆ ಕೆಲಸ ಮಾಡಿದ, ಈಗ ತಾವೂ ನಿವೃತ್ತರಾಗಿರುವ ಸಹೋದ್ಯೋಗಿಯೊಬ್ಬರು ನುಡಿನಮನದಲ್ಲಿ ಹೇಳಿದ ಮಾತು ನಮ್ಮೆಲ್ಲರನ್ನೂ ಹಿಡಿದು ನಿಲ್ಲಿಸಿತು. ಕಾಂಕ್ರೀಟಿನ ಒಳಗೆ ಪದರ ಬಿಟ್ಟಿದೆಯೇ ಎಂದು ತಿಳಿಯಲು ತಪಾಸಣೆಗಾರರು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ. ಗಟ್ಟಿ ಇದ್ದಲ್ಲಿ ಸ್ವರ ಖಣಿಲ್ಲೆನ್ನುತ್ತದೆ, ಟೊಳ್ಳಾದಲ್ಲಿ ಮಂಕಾಗುತ್ತದೆ. ಉಳಿದವರು ಹತ್ತು ಸಲ ತಟ್ಟಿ ಅನುಮಾನಿಸುವ ಕಡೆ ಅಣ್ಣಯ್ಯ ಎರಡು ಪೆಟ್ಟಿಗೇ ಸೀಮೆಸುಣ್ಣದಿಂದ ಗೆರೆ ಎಳೆದುಬಿಡುತ್ತಿದ್ದರಂತೆ. ಇಂಥ ಕಿವಿ ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ, ನಮ್ಮೂರಿನಲ್ಲಿ ಮದ್ದಳೆಯನ್ನು ಶ್ರುತಿ ಮಾಡುವುದೂ ಹೀಗೆಯೇ ಎಂದಿದ್ದರಂತೆ.

ಆ ಮದ್ದಳೆಯನ್ನು ನೋಡಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ನ್ಯೂಯಾರ್ಕಿನ ಹಳೆಯ ಮನೆಗಳಲ್ಲಿ ಚಳಿಗಾಲದ ಉಗಿ ಹೀಟರಿಗೆ ಗಾಳಿ ಒಣಗಿ, ಚರ್ಮ ಬಿಗಿದು, ಶ್ರುತಿ ಮೇಲೇರಿಬಿಡುತ್ತದೆ. ಅದಕ್ಕೆಂದು ಅಣ್ಣಯ್ಯ ಅದನ್ನು ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿ, ಹೀಟರಿನಿಂದ ದೂರದ ಮೂಲೆಯಲ್ಲಿ, ಪಕ್ಕಕ್ಕೊಂದು ಬೋಗುಣಿ ನೀರಿಟ್ಟು ಕಾಪಾಡುತ್ತಿದ್ದರು. ಕನ್ನಡ ಕೂಟದ ತಾಳಮದ್ದಳೆಗಳಲ್ಲಿ ಅವರು ಕೌರವನಾಗಿ ಅರ್ಥ ಹೇಳಿದ್ದನ್ನು ಕೇಳಿದವರು ಆ ದನಿಯನ್ನು ಮರೆಯಲಾರರು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ 2010ರಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆದಾಗ, ಅವರು ವೇದಿಕೆಗಿಂತ ಹೆಚ್ಚು ಹೊತ್ತು ಇದ್ದದ್ದು ಅದರ ಹಿಂದೆ, ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ತಾಳ ಹೇಳಿಕೊಡುತ್ತ. ಈ ಮಕ್ಕಳಲ್ಲಿ ಕೆಲವರು ಈಗ ತಂದೆ ತಾಯಿಯರಾಗಿದ್ದಾರೆ. ಅವರು ನುಡಿನಮನದಲ್ಲಿ ನುಡಿಸಿದ ಮದ್ದಳೆಯ ಒಂದೆರಡು ಪೆಟ್ಟು ತಪ್ಪಿದ್ದವು. ಅಣ್ಣಯ್ಯನವರಿಗೆ ಅದಕ್ಕಿಂತ ದೊಡ್ಡ ಸಮಾಧಾನ ಬೇರೆ ಇರಲಾರದೆಂದು ನನಗನ್ನಿಸಿತು, ಏಕೆಂದರೆ ತಪ್ಪುತ್ತಿದ್ದೇನೆಂದು ನುಡಿಸುವುದನ್ನು ಬಿಡಬಾರದೆಂಬುದು ಅವರ ಪಾಠದ ಮೊದಲ ಮಾತಾಗಿತ್ತು.

ತಮ್ಮವರನ್ನು ಅವರು ಎಷ್ಟು ಪ್ರೀತಿಸಿದರೆಂಬುದಕ್ಕೆ ನಾನೇ ಸಾಕ್ಷಿ. ಅಲ್ಲಿಯ ಪೌರತ್ವ ಸಿಕ್ಕ ಮೇಲೆ, ಒಡಹುಟ್ಟಿದವರನ್ನು ಕರೆಸಿಕೊಳ್ಳಲು ಕಾನೂನಿನಲ್ಲಿ ಇದ್ದ ಅವಕಾಶದಂತೆ ನನಗಾಗಿ ಅರ್ಜಿ ಹಾಕಿ, ಕೆಲವು ವರ್ಷ ಕಾದು, 1982ರಲ್ಲಿ ನನ್ನನ್ನೂ ನನ್ನ ಯಜಮಾನರನ್ನೂ ಕರೆಸಿಕೊಂಡರು. ನಮಗೆ ಕೆಲಸ ಸಿಗುವವರೆಗೆ ಅವರ ಎರಡು ಕೋಣೆಗಳ ಮನೆಯಲ್ಲಿ ಒಂದು ಕೋಣೆ ನಮ್ಮದಾಗಿತ್ತು. ಈ ವಿಷಯದಲ್ಲಿ ಅತ್ತಿಗೆಯವರ ದೊಡ್ಡ ಮನಸ್ಸಿನ ಋಣವನ್ನು ನಾನು ಯಾವ ಮಾತಿನಿಂದಲೂ ತೀರಿಸಲಾರೆ. ಊಟದ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಅಣ್ಣಯ್ಯ ಬೇರೆಯವರಿಗೂ ಇಂಥ ಅರ್ಜಿಗಳನ್ನು ತುಂಬಿಕೊಡುತ್ತಿದ್ದರು. ಬಂದವರು ಕನ್ನಡಿಗರೋ, ಪಂಜಾಬಿನವರೋ, ಕೊಲಂಬಿಯಾದವರೋ ಎಂದು ನೋಡಿದವರಲ್ಲ. ಬಂದವರಿಗೆ ಊಟ ಮಾತ್ರ ಕಡ್ಡಾಯ. ಅಪ್ಪೆಹುಳಿಯನ್ನು ಅಷ್ಟು ದೇಶಗಳವರಿಗೆ ಕುಡಿಸಿದವರು ಇನ್ನೊಬ್ಬರು ಇರಲಾರರು.

ಸಣ್ಣಣ್ಣನಿಗೂ ಇಂಥದೇ ಅರ್ಜಿ ಹಾಕಲು ಅಣ್ಣಯ್ಯ ಸಿದ್ಧರಿದ್ದರು. ಅಪ್ಪಯ್ಯ ಅಮ್ಮನನ್ನೂ ತೋಟವನ್ನೂ ಬಿಟ್ಟು ಬರಲಾರೆನೆಂದು ಸಣ್ಣಣ್ಣ ಒಂದೇ ಮಾತಿನಲ್ಲಿ ಹೇಳಿದರು. ಅಪ್ಪಯ್ಯ ತೀರಿಕೊಂಡಾಗ ತಂತಿ ನ್ಯೂಯಾರ್ಕಿಗೆ ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು, ಹಿರಿಯ ಮಗ ಮಾಡಬೇಕಾದ್ದನ್ನು ಕಿರಿಯ ಮಗ ಮಾಡಿದ್ದರು. ಹಿನ್ನೀರು ದಾಟಿಸುವ ಲಾಂಚು ನಿಂತುಹೋದ ರಾತ್ರಿಗಳಲ್ಲಿ ಅಮ್ಮನಿಗೆ ಉಸಿರು ಕಟ್ಟಿದಾಗ ಬೆಳಗಿನವರೆಗೆ ಬೆನ್ನು ನೀವುತ್ತ ಕುಳಿತವರೂ ಅವರೇ. ದೂರ ಹೋಗಿ ಹೆಸರು ಮಾಡಿದವರ ಬಗ್ಗೆ ನಾವು ಸಭೆ ಸೇರುತ್ತೇವೆ, ಉಳಿದುಕೊಂಡವರನ್ನು ಸಭೆಗೆ ಕರೆಯುವುದೂ ನಮಗೆ ಹೊಳೆಯುವುದಿಲ್ಲ. ಅಣ್ಣಯ್ಯ ಹೊರಟದ್ದು ಸಣ್ಣಣ್ಣ ನಿಂತದ್ದರಿಂದ. ಈ ಮಾತನ್ನು ಅಣ್ಣಯ್ಯ ಮನೆಯಲ್ಲಿ ಹಲವು ಸಲ ಹೇಳಿದ್ದರು, ಎಲ್ಲರೆದುರು ಹೇಳಬೇಕೆಂದಿದ್ದರು. ಅವರ ಪರವಾಗಿ ಇಂದು ನಾನು ಹೇಳುತ್ತಿದ್ದೇನೆ: ಸಣ್ಣಣ್ಣಾ, ನಿಮ್ಮ ಋಣ ನಮ್ಮೆಲ್ಲರ ಮೇಲಿದೆ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಉದ್ಘಾಟನೆಯಾದಾಗ ಅಣ್ಣಯ್ಯ ಹಾಸಿಗೆ ಹಿಡಿದಿದ್ದರು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಆ ಕೇಬಲ್ ಸೇತುವೆಯ ವಿಡಿಯೋವನ್ನು ಸಣ್ಣಣ್ಣನ ಮಗ ಕಾರಿನಲ್ಲಿ ದಾಟುತ್ತ ತೆಗೆದು ಕಳುಹಿಸಿದ್ದ. ಅಣ್ಣಯ್ಯ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಕೇಬಲ್ ಗೋಪುರಕ್ಕೆ ಸೇರುವ ಜಾಗವನ್ನು ನಿಲ್ಲಿಸಿ ತೋರಿಸು ಎಂದರು, ಮಳೆನೀರು ಹರಿದುಹೋಗಲು ದಾರಿ ಸರಿಯಾಗಿದೆಯೇ ಎಂದು ವಿಚಾರಿಸಿದರು, ಇನ್ನು ರಾತ್ರಿ ಹೊತ್ತಿನಲ್ಲಿ ಹೆರಿಗೆ ನೋವು ಬಂದವರು ಲಾಂಚಿಗೆ ಕಾಯಬೇಕಾಗಿಲ್ಲ ಎಂದರು. ಈ ವಿಡಿಯೋ ಕಳುಹಿಸಿದ ಹುಡುಗನಿಗೆ ತಾನು ಎಂಥ ಔಷಧ ಕಳುಹಿಸಿದೆನೆಂದು ತಿಳಿದಿರಲಿಕ್ಕಿಲ್ಲ.

ಕೊನೆಯ ವಾರಗಳಲ್ಲಿ ಮನೆಗೇ ಬಂದು ಆರೈಕೆ ಮಾಡಿದ ಕೇರಳದ ಮತ್ತು ಫಿಲಿಪ್ಪೀನ್ಸಿನ ನರ್ಸ್‌ಗಳು, ತಾವೂ ಊರು ಬಿಟ್ಟು ಬಂದವರೇ ಆಗಿದ್ದು, ಅಣ್ಣಯ್ಯನವರ ನೋವು ಮಾತ್ರವಲ್ಲದೆ ಕನವರಿಕೆಯಲ್ಲಿ ಬರುತ್ತಿದ್ದ ಮಲೆನಾಡನ್ನೂ ಅರ್ಥ ಮಾಡಿಕೊಂಡರು. ದೇವಸ್ಥಾನದ ಅರ್ಚಕರಿಗೆ, ಅಡುಗೆಯವರಿಗೆ, ಕನ್ನಡ ಕೂಟದ ಗೆಳೆಯರಿಗೆ, ಹಿಮ ಬಿದ್ದಾಗ ಕೇಳುವ ಮೊದಲೇ ನಮ್ಮ ಬಾಗಿಲ ಮುಂದೆ ಹಿಮ ಗೋರಿದ ಪಕ್ಕದ ಮನೆಯ ಕೊರಿಯನ್ ದಂಪತಿಗಳಿಗೆ, ಊರಿನ ನೆರೆಹೊರೆಯವರಿಗೆ ನಮ್ಮ ಕುಟುಂಬದ ನಮಸ್ಕಾರಗಳು.

ಅಣ್ಣಯ್ಯನವರ ಮದ್ದಳೆಯನ್ನು ಅವರ ಇಚ್ಛೆಯಂತೆ ಕೂಟದ ಮಕ್ಕಳ ತರಗತಿಗೆ ಕೊಡುತ್ತಿದ್ದೇವೆ. ಬಡಗಿಯ ಸಲಕರಣೆಗಳು ಅವುಗಳನ್ನು ಬಳಸುವವರಿಗಾಗಿ ಕಾದಿವೆ. ಬೇಕಾದವರು ಸಂಕೋಚವಿಲ್ಲದೆ ಅಣ್ಣಯ್ಯನವರ ಮಗನನ್ನು ಕೇಳಿರಿ. ಹಳೆಯ ತಾಳಮದ್ದಳೆಗಳ ಕ್ಯಾಸೆಟ್ಟುಗಳು ಯಾರ ಬಳಿಯಾದರೂ ಇದ್ದರೆ ಅವುಗಳ ಒಂದು ಪ್ರತಿಯನ್ನು ಅತ್ತಿಗೆಯವರಿಗೆ ತಲುಪಿಸಬೇಕೆಂದು ಪ್ರಾರ್ಥನೆ. ಸದ್ದು ಎಷ್ಟೇ ಮಸುಕಾಗಿದ್ದರೂ ಅಡ್ಡಿಯಿಲ್ಲ.