ಬಾಯ್ಲರ್‌ಗೆ ದುಡ್ಡು ಯಾಕೆ ನಾವು ಕೊಡಬೇಕು?

ಪ್ರಿಯ ಪೋಷಕರೇ,

ನಮಸ್ಕಾರ. ಮುಂದಿನ ಸೀಸನ್ನಿಂದ ನಮ್ಮ ಭಾನುವಾರದ ಕನ್ನಡ ಶಾಲೆಯ ಬಾಡಿಗೆ ಏರುತ್ತಿದೆ. ನಿಮಗೆ ಗೊತ್ತಿರುವಂತೆ ನಮ್ಮ ತರಗತಿ ನಡೆಯುವುದು ಊರಿನ ರಗ್ಬಿ ಕ್ಲಬ್ಬಿನ ಮಹಡಿಯಲ್ಲಿ. ಕೆಳಗೆ ಬಟ್ಟೆ ಬದಲಿಸುವ ಕೋಣೆಗಳ ಬಾಯ್ಲರ್ ಕೆಟ್ಟು ಕೂತಿದೆ. ಹೊಸದಕ್ಕೆ ದುಡ್ಡಿಲ್ಲ. ಹಾಗಾಗಿ ನಮ್ಮ ಬಾಡಿಗೆಯನ್ನೂ ರಗ್ಬಿ ಆಡುವ ಮಕ್ಕಳ ವರ್ಷದ ಫೀಸನ್ನೂ ಏರಿಸುತ್ತೇವೆ ಎಂದು ಸಮಿತಿಯವರು ತಿಳಿಸಿದ್ದಾರೆ.

ಸುದ್ದಿ ವಾಟ್ಸಾಪ್ ಗ್ರೂಪಿಗೆ ಬಿದ್ದದ್ದೇ ತಡ, ಮಾತು ಎಲ್ಲೆಲ್ಲಿಗೋ ಹೋಯಿತು. "ಇಂಗ್ಲೆಂಡ್ ಆಟಗಾರರಿಗೆ ಲಕ್ಷಗಟ್ಟಲೆ ಪೌಂಡ್ ಸುರೀತಾರೆ, ಬಿಸಿನೀರಿಗೆ ಮಾತ್ರ ನಾವು ಕೊಡಬೇಕಾ?" ಎಂದು ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಎರಡು ಸಾಲಿನ ಮೆಸೇಜಿನಲ್ಲಿ ಮುಗಿಯುವಂಥದ್ದಲ್ಲ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಈ ದುಡ್ಡಿನ ಜಗಳ ಇವತ್ತಿನದಲ್ಲ. ನೂರಮೂವತ್ತು ವರ್ಷಗಳ ಹಿಂದೆ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಗಣಿ ಕೆಲಸದವರು, ಮಿಲ್ ಕೆಲಸದವರು ಬಹಳ ಜನ ಆಡುತ್ತಿದ್ದರು. ಶನಿವಾರ ಆಡಲು ಹೋದರೆ ಆ ಹೊತ್ತಿನ ಕೂಲಿ ಕಟ್. ಹೋದ ಕೂಲಿಯನ್ನಾದರೂ ತುಂಬಿಕೊಡಲು ಬಿಡಿ ಎಂದು ಆ ಕ್ಲಬ್ಬುಗಳು ಕೇಳಿದವು. 1893ರಲ್ಲಿ ಇಂಗ್ಲೆಂಡಿನ ರಗ್ಬಿ ನಡೆಸುವ ಸಂಸ್ಥೆಯಾದ ರಗ್ಬಿ ಫುಟ್‌ಬಾಲ್ ಯೂನಿಯನ್, ಅಂದರೆ ಆರ್‌ಎಫ್‌ಯು, ಆಗುವುದಿಲ್ಲ ಎಂದಿತು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆ ಮನೆ ಮಾಡಿಕೊಂಡವು. ಅವರು ಒಪ್ಪಿಕೊಂಡ ಪರಿಹಾರ ಎಷ್ಟು ಗೊತ್ತಾ? ದಿನಕ್ಕೆ ಹೆಚ್ಚೆಂದರೆ 6 ಶಿಲಿಂಗ್. ರಗ್ಬಿ ಲೀಗ್ ಎಂಬ ಇವತ್ತಿನ ಬೇರೆ ಬಗೆಯ ರಗ್ಬಿ ಹುಟ್ಟಿದ್ದು ಅಲ್ಲಿಂದ. ನಮ್ಮ ಮಕ್ಕಳು ಆಡುವ ರಗ್ಬಿ ಯೂನಿಯನ್‌ನಲ್ಲಿ ಆಟಗಾರರು ರಾಜಾರೋಷವಾಗಿ ಸಂಬಳ ತೆಗೆದುಕೊಳ್ಳಲು 1995ರ ಆಗಸ್ಟ್ ಬರಬೇಕಾಯಿತು. ಪೂರ್ತಿ ನೂರು ವರ್ಷ.

ಹಾಗಾಗಿ "ಆಡೋದಕ್ಕೆ ಯಾಕೆ ಅಷ್ಟು ದುಡ್ಡು" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡಿಗಲ್ಲ, ಪ್ರೀತಿಗೆ ಆಡಬೇಕು ಎಂದವರಲ್ಲಿ ಹೊಟ್ಟೆ ತುಂಬಿದವರೇ ಜಾಸ್ತಿ ಇದ್ದರು. ಈ ಕೆಲಸ ದೇಹವನ್ನು ಎಷ್ಟು ತಿನ್ನುತ್ತದೆ ಎಂದೂ ನೋಡಬೇಕಲ್ವಾ? 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್ ಅವರಿಗೆ ನಲವತ್ತು ದಾಟುತ್ತಿದ್ದಂತೆಯೇ ಡಿಮೆನ್ಶಿಯಾ, ಅಂದರೆ ನೆನಪು ಅಳಿಸುವ ಕಾಯಿಲೆ, ಇದೆ ಎಂದು ಗೊತ್ತಾಯಿತು. ಆ ಕಪ್ ಗೆದ್ದದ್ದೇ ತಮಗೆ ನೆನಪಿಲ್ಲ ಎಂದು ಅವರು ಹೇಳಿಕೊಂಡಿದ್ದಾರೆ. ಸಂಬಳವಾದರೂ ಗಟ್ಟಿಯೇ ಎಂದರೆ ಅದೂ ಇಲ್ಲ. 2022ರ ಅಕ್ಟೋಬರ್‌ನಲ್ಲಿ ವೂಸ್ಟರ್ ವಾರಿಯರ್ಸ್ ಎಂಬ ದೊಡ್ಡ ಕ್ಲಬ್ಬಿನ ಆಟಗಾರರ ಕರಾರುಗಳು ಕೋರ್ಟಿನ ಒಂದು ಆದೇಶದಿಂದ ಒಂದೇ ದಿನದಲ್ಲಿ ರದ್ದಾದವು. ಅದೇ ತಿಂಗಳು ವಾಸ್ಪ್ಸ್, ಮರುವರ್ಷ ಲಂಡನ್ ಐರಿಷ್ ಎಂಬ ಕ್ಲಬ್ಬುಗಳೂ ಮುಳುಗಿದವು.

ತೊಂದರೆ ಇರುವುದು ಇಲ್ಲಿ. ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳು ಆಡುವ ಪ್ರೀಮಿಯರ್‌ಶಿಪ್ ಎಂಬ ಮೇಲಿನ ಹಂತದ ಪಂದ್ಯಾವಳಿಯಲ್ಲಿ ಒಂದು ಕ್ಲಬ್ಬು ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಎಂಬ ಮಿತಿ ಇದೆ. ಕೋವಿಡ್ ಆದಮೇಲೆ ಅದನ್ನು 50 ಲಕ್ಷ ಪೌಂಡಿಗೆ ಇಳಿಸಿದ್ದರು. 2024ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿಸಿದರು. ಗೇಟಿನಲ್ಲಿ, ಟೀವಿಯಿಂದ ಬರುವ ಆದಾಯದಲ್ಲಿ ಕ್ಲಬ್ಬುಗಳ ಖರ್ಚು ಹುಟ್ಟುವುದಿಲ್ಲ. ಶ್ರೀಮಂತ ಮಾಲೀಕರು ಜೇಬಿನಿಂದ ತುಂಬುವವರೆಗೆ ನಡೆಯುತ್ತದೆ. ಅವರಿಗೆ ಸಾಕಾಯಿತೋ, ವೂಸ್ಟರಿನ ಗತಿ.

ಈ ಕ್ಲಬ್ಬುಗಳಿಗೆ ಆರ್‌ಎಫ್‌ಯು ಕೂಡ ದುಡ್ಡು ಕೊಡುತ್ತದೆ. 2024ರ ಒಪ್ಪಂದದ ಪ್ರಕಾರ ಮೊದಲ ನಾಲ್ಕು ವರ್ಷ, ವರ್ಷಕ್ಕೆ 3.3 ಕೋಟಿ ಪೌಂಡ್. ಒಪ್ಪಂದ ಒಟ್ಟು ಎಂಟು ವರ್ಷದ್ದು. ಇಂಗ್ಲೆಂಡ್ ತಂಡಕ್ಕೆ ಆಟಗಾರರನ್ನು ಬೆಳೆಸಿ ಕೊಡುವವರು ಅವರೇ. ಆರ್‌ಎಫ್‌ಯುನ ಟ್ವಿಕನ್‌ಹ್ಯಾಮ್ ಕ್ರೀಡಾಂಗಣದ 82,000 ಸೀಟು ತುಂಬುವುದೂ ಆ ತಂಡದಿಂದಲೇ. ಕೊಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಮೇಲಿನವರ ಪಾಲನ್ನು ಎಂಟು ವರ್ಷಕ್ಕೆ ಕರಾರು ಮಾಡಿ ಬರೆದುಕೊಡಬಹುದಾದರೆ, ಬಾಯ್ಲರ್ ಕೆಟ್ಟ ಕ್ಲಬ್ಬುಗಳ ಪಾಲನ್ನೂ ಹಾಗೇ ಬರೆದಿಡಲಿ ಎನ್ನುತ್ತೇನೆ. ನ್ಯೂಜಿಲೆಂಡಿನವರು ಆಟಗಾರರಿಂದ ಬರುವ ಆದಾಯದಲ್ಲಿ ಶೇ. 36.56 ಆಟಗಾರರಿಗೆ ಎಂದು ಒಪ್ಪಂದದಲ್ಲೇ ಬರೆದುಕೊಂಡಿದ್ದರು. ಕೆಳಗಿನ ಕ್ಲಬ್ಬುಗಳಿಗೂ ಅಂಥದ್ದೊಂದು ಶೇಕಡಾ ಲೆಕ್ಕ ಯಾಕಿರಬಾರದು?

ಸುಮ್ನೆ ಗೊಣಗುವುದರಿಂದ ಇದು ಆಗುವುದಿಲ್ಲ. ಆರ್‌ಎಫ್‌ಯುನಲ್ಲಿ ಮತ ಹಾಕುವವರಲ್ಲಿ ನಮ್ಮಂಥ ಊರಿನ ಕ್ಲಬ್ಬುಗಳೂ ಇವೆ. 2024ರ ಕೊನೆಗೆ ಅದರ ಲೆಕ್ಕಪತ್ರ ಬಂದಾಗ ಆ ವರ್ಷದ ನಷ್ಟ 3.79 ಕೋಟಿ ಪೌಂಡ್ ಇತ್ತು. ವಿಶ್ವಕಪ್ ವರ್ಷದಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ ಪಂದ್ಯ ಕಡಿಮೆ, ನಷ್ಟ ಆಗುವುದು ಗೊತ್ತಿದ್ದದ್ದೇ ಎಂದರು. ಅದು ಸುಳ್ಳಲ್ಲ. ಆದರೆ ಅದೇ ವರ್ಷ ಮುಖ್ಯ ಕಾರ್ಯನಿರ್ವಾಹಕ ಬಿಲ್ ಸ್ವೀನಿ ಅವರಿಗೆ ಬೋನಸ್ ಸೇರಿ 11 ಲಕ್ಷ ಪೌಂಡ್ ಸಂದಿತ್ತು. ಊರೂರಿನ ಕ್ಲಬ್ಬುಗಳು ಸಿಟ್ಟಾಗಿ ವಿಶೇಷ ಸಭೆ ಕೇಳಿದವು. 2025ರ ಮಾರ್ಚ್‌ನಲ್ಲಿ ಸ್ವೀನಿ ಅವರ ಮೇಲಿನ ಅವಿಶ್ವಾಸ ನಿರ್ಣಯ ಮತಕ್ಕೆ ಬಂತು. ಪರವಾಗಿ 206, ವಿರುದ್ಧ 466. ಸ್ವೀನಿ ಉಳಿದರು. ಯಾರು ಸರಿ ಎಂದು ನಾನು ಹೇಳಲು ಹೋಗುವುದಿಲ್ಲ. ಗ್ರೂಪಿನಲ್ಲಿ ಕೇಳಿದ ಪ್ರಶ್ನೆಯನ್ನು ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಕೇಳಿದರೆ ಮೇಲಿನವರೆಗೂ ಹೋಗುವ ದಾರಿ ಇದೆ ಎಂದಷ್ಟೇ ಹೇಳುತ್ತಿದ್ದೇನೆ. ಆದರೆ ಆ ಸಭೆಯಲ್ಲಿ ನಮ್ಮ ಕನ್ನಡದವರ ಮುಖ ಕಾಣುವುದೇ ಅಪರೂಪ.

ಇನ್ನು ಭಾನುವಾರ ಬೆಳಿಗ್ಗೆ ಕೆಳಗೆ ಏನು ನಡೆಯುತ್ತದೆ ನೋಡಿ. ಮಕ್ಕಳು ಬರುವ ಮುಂಚೆ ಒಬ್ಬರು ಚೀಲ ಹಿಡಿದು, ನಾಯಿ ಗಲೀಜು ಬಿದ್ದಿದೆಯಾ ಎಂದು ಇಡೀ ಮೈದಾನ ಸುತ್ತುತ್ತಾರೆ. ಗೋಲು ಕಂಬಗಳಿಗೆ ಸ್ಪಂಜಿನ ಕವಚ ಸುತ್ತುತ್ತಾರೆ. ಎಂಟು ವರ್ಷದ ಒಳಗಿನವರಿಗೆ ಟ್ಯಾಕಲ್, ಅಂದರೆ ಚೆಂಡು ಹಿಡಿದವರನ್ನು ತಬ್ಬಿ ಕೆಡವುವುದು, ಇಲ್ಲ, ಸೊಂಟದ ಬೆಲ್ಟಿಗೆ ಅಂಟಿಸಿದ ಎರಡು ಪಟ್ಟಿ ಎಳೆಯುವ ಟ್ಯಾಗ್ ರಗ್ಬಿ ಮಾತ್ರ. ಚರ್ರ್ ಎಂದು ಪಟ್ಟಿ ಕಿತ್ತರೆ ಚೆಂಡು ಪಾಸ್ ಮಾಡಬೇಕು. ನಮ್ಮ ಒಂದನೇ ತರಗತಿಯ ಕೆಲವರು ಒಂದೇ ಪಟ್ಟಿ ಉಳಿದ ಬೆಲ್ಟಿನಲ್ಲೇ ಮೇಲೆ ಬಂದು ಕಾಗುಣಿತ ಬರೆಯುತ್ತಾರೆ. ಅವರ ಕೋಚ್‌ಗಳಲ್ಲಿ ಒಬ್ಬರು ಪ್ಲಂಬರ್, ಇನ್ನೊಬ್ಬರು ನರ್ಸ್. ಯಾರಿಗೂ ಒಂದು ಪೆನ್ನಿ ಸಂಬಳ ಇಲ್ಲ. ಇಂಗ್ಲೆಂಡ್ ತಂಡದ ಎಲ್ಲಿ ಕಿಲ್ಡನ್ ಮೊದಲು ಚೆಂಡು ಹಿಡಿದದ್ದೂ ಯಾರ್ಕ್‌ಶೈರಿನ ಕೀತ್ಲಿಯ ಇಂಥದ್ದೇ ಊರಿನ ಕ್ಲಬ್ಬಿನಲ್ಲಿ. 2025ರ ಮಹಿಳಾ ವಿಶ್ವಕಪ್ ಫೈನಲ್ಲಿಗೆ ಟ್ವಿಕನ್‌ಹ್ಯಾಮ್‌ನಲ್ಲಿ 81,885 ಜನ ಸೇರಿದ್ದರು. ಇಂಗ್ಲೆಂಡ್ ಕೆನಡಾವನ್ನು 33-13ರಲ್ಲಿ ಸೋಲಿಸಿತು. ಅದನ್ನು ನೋಡಿ ನಮ್ಮ ಶಾಲೆಯ ಹುಡುಗಿಯರೂ ಹೆಸರು ಕೊಟ್ಟಿದ್ದಾರೆ. ಅವರಿಗೆ ಬೇರೆ ಕೋಣೆ ಬೇಕು, ಬಿಸಿನೀರು ಬೇಕು.

ಒಂದು ತಮಾಷೆ ಹೇಳಲೇಬೇಕು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆಡುವ ಕಲ್ಕತ್ತಾ ಕಪ್ ಇದೆಯಲ್ಲ, ಅದು ನಮ್ಮ ಬೆಳ್ಳಿ ರೂಪಾಯಿ. ಕಲ್ಕತ್ತೆಯ ರಗ್ಬಿ ಕ್ಲಬ್ಬು ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ರೂಪಾಯಿಗಳನ್ನು ಕರಗಿಸಿ, ಮೂರು ನಾಗರಹಾವಿನ ಹಿಡಿ, ಮುಚ್ಚಳದ ಮೇಲೊಂದು ಆನೆ ಕೂರಿಸಿ 1878ರಲ್ಲಿ ಆರ್‌ಎಫ್‌ಯುಗೆ ಕೊಟ್ಟರು. ಮುಚ್ಚಿಹೋದ ಪುಟ್ಟ ಕ್ಲಬ್ಬಿನ ದುಡ್ಡು ದೊಡ್ಡವರ ಕಪ್ ಆಗಿ ಕೂತಿದೆ!

ಈಗ ನಮ್ಮ ವಿಷಯ. ಏರಿಸಿದ ಬಾಡಿಗೆಯನ್ನು ಶಾಲೆ ಕೊಡುತ್ತದೆ. ಅದಕ್ಕಾಗಿ ಶಾಲೆಯ ಫೀಸು ಏರಿಸುವುದಿಲ್ಲ, ಯುಗಾದಿ ಊಟದ ಟಿಕೆಟ್ಟಿನಿಂದ ಉಳಿಯುವುದನ್ನು ಬಳಸುತ್ತೇವೆ. ರಗ್ಬಿ ಫೀಸು ಭಾರವಾಗುವ ಮನೆಯವರು ನನಗೆ ಖಾಸಗಿಯಾಗಿ ತಿಳಿಸಿ, ಸಮಿತಿಯವರ ಹತ್ತಿರ ನಾನು ಮಾತಾಡುತ್ತೇನೆ. ಸಂಕೋಚ ಬೇಡ.

ಮಗುವನ್ನು ಬಿಟ್ಟು ಕಾರಿನಲ್ಲಿ ಕೂತು ಫೋನ್ ನೋಡುವವರಿಗೆ ಒಂದು ಕೋರಿಕೆ. ಅಡುಗೆಮನೆಯಲ್ಲಿ ಟೀ ಮಾಡುವುದಕ್ಕೆ, ಮೈದಾನಕ್ಕೆ ಗೆರೆ ಹಾಕುವುದಕ್ಕೆ, ಪ್ರಥಮ ಚಿಕಿತ್ಸೆ ಕಲಿತು ನಿಲ್ಲುವುದಕ್ಕೆ ಕ್ಲಬ್ಬಿಗೆ ಜನ ಬೇಕು. ಆಟ ಗೊತ್ತಿರಬೇಕೆಂದಿಲ್ಲ. ಪಾಳಿಯ ಹಾಳೆಯನ್ನು ತರಗತಿಯ ಬಾಗಿಲಿಗೆ ಅಂಟಿಸಿದ್ದೇನೆ. ತಿಂಗಳಿಗೆ ಒಂದು ಬೆಳಿಗ್ಗೆ ಕೊಟ್ಟರೂ ಸಾಕು. ವಾರ್ಷಿಕ ಸಭೆಗೆ ಬರುವವರು ಅದೇ ಹಾಳೆಯ ಕೆಳಗೆ ಹೆಸರು ಬರೆಯಿರಿ. ಪ್ರಶ್ನೆ ಕೇಳಿದವರ ಹೆಸರು ಮೊದಲು ಕಂಡರೆ ನನಗೆ ಖುಷಿ.

ಇನ್ನೊಂದು: ಕೆಸರು ಮೆತ್ತಿದ ಬೂಟುಗಳನ್ನು ಮೆಟ್ಟಿಲ ಕೆಳಗೇ ಬಿಡಿಸಿ ಮಕ್ಕಳನ್ನು ಮೇಲೆ ಕಳಿಸಿ. ಕಾರ್ಪೆಟ್ ತೊಳೆಸುವ ಖರ್ಚೂ ಬಾಡಿಗೆಗೆ ಸೇರುತ್ತದೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ
ಭಾನುವಾರದ ಕನ್ನಡ ಶಾಲೆ