ಶುಗರ್ ಬಂದ ಮೇಲೆ ಬನ್ನಿ ಅಂದರೆ ಹೇಗೆ ಸ್ವಾಮಿ? – ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ದುಡ್ಡು ಕೇಳೋಕೆ ಈ ಪತ್ರ ಬರೆಯುತ್ತಿದ್ದೇನೆ. ನನಗಲ್ಲ. ಊಟ, ನಡಿಗೆ, ನಿದ್ದೆ ಸರಿಮಾಡಿಕೊಂಡರೆ ಸಕ್ಕರೆ ಕಾಯಿಲೆಯನ್ನು ಎಷ್ಟರಮಟ್ಟಿಗೆ ತಡೆಯಬಹುದು ಅಂತ ನಮ್ಮ ರಾಜ್ಯದ ಹಳ್ಳಿಗಳಲ್ಲೇ ಪರೀಕ್ಷೆ ಮಾಡಿ ನೋಡೋಕೆ.

ಕೆಲವು ವರ್ಷಗಳ ಹಿಂದೆ ನಮ್ಮ ಯಜಮಾನರ ರಕ್ತ ಪರೀಕ್ಷೆ ಮಾಡಿಸಿದೆವು. ಖಾಲಿ ಹೊಟ್ಟೆಯಲ್ಲಿ ಶುಗರ್ 118 ಬಂತು. 'ಬಾರ್ಡರ್‌ನಲ್ಲಿದೆ ಅಷ್ಟೇ. 126 ದಾಟಿದ ಮೇಲೆ ಬನ್ನಿ, ಮಾತ್ರೆ ಬರೆದುಕೊಡ್ತೀವಿ' ಅಂದರು ಆಸ್ಪತ್ರೆಯವರು. ದಾಟದ ಹಾಗೆ ಏನು ಮಾಡಬೇಕು ಅಂತ ಕೇಳಿದೆ. ಒಂದು ಚೀಟಿ ಕೊಟ್ಟರು. ಅದರಲ್ಲಿ ಓಟ್ಸ್, ಆಲಿವ್ ಎಣ್ಣೆ, ಬ್ರೊಕೋಲಿ! ನಮ್ಮೂರ ಸಂತೆಯಲ್ಲಿ ಬ್ರೊಕೋಲಿ ಎಲ್ಲಿ ಸಿಗುತ್ತೆ ಸ್ವಾಮಿ? ರಾಗಿ ಮುದ್ದೆ ತಿನ್ನಬಹುದಾ, ಎಷ್ಟು ದೊಡ್ಡದು ಅಂದರೆ ಒಬ್ಬರು 'ಧಾರಾಳವಾಗಿ' ಅಂದರು, ಪಕ್ಕದಲ್ಲಿದ್ದವರು 'ಅರ್ಧ ಸಾಕು' ಅಂದರು.

ಆ ವರ್ಷವೇ ನವೆಂಬರ್ 14ಕ್ಕೆ, ಮಧುಮೇಹ ದಿನದ ಶಿಬಿರಕ್ಕೆ ಕರೆದರು. ಬ್ಯಾನರ್, ಹಾರ, ಭಾಷಣ. ಕೊನೆಗೆ ಬಂದವರಿಗೆಲ್ಲ ಕಾಫಿ, ಮೈಸೂರು ಪಾಕು! ಬೆರಳಿಗೆ ಚುಚ್ಚಿಸಿಕೊಂಡು ಹತ್ತಿ ಒತ್ತಿಕೊಂಡಿದ್ದ ಕೈಯಲ್ಲೇ ಜನ ಮೈಸೂರು ಪಾಕು ತಿಂದರು. ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು.

ಈಗ ನಮ್ಮ ಯಜಮಾನರಿಗೆ ಇನ್ಸುಲಿನ್. ಬಲಗಾಲಿನ ಹೆಬ್ಬೆರಳು ತೆಗೆದಿದ್ದಾರೆ. ಚಪ್ಪಲಿ ಜಾರಿ ಹೋಗುತ್ತೆ ಅಂತ ಬಟ್ಟೆಯ ಪಟ್ಟಿ ಹೊಲಿದು ಕಟ್ಟುತ್ತೇನೆ. ಇಂಥವರಿಗೆ ಈಗ 'ದಿನಾ ವಾಕಿಂಗ್ ಮಾಡಿ' ಅನ್ನುತ್ತಾರೆ. ಬಿಪಿಎಲ್ ಕಾರ್ಡಿನವರು ಆಸ್ಪತ್ರೆಯಲ್ಲಿ ಮಲಗಿದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸರ್ಕಾರ ಕೊಡುತ್ತೆ. ಒಳ್ಳೆಯದೇ. ಮಲಗದ ಹಾಗೆ ನೋಡಿಕೊಳ್ಳೋಕೆ ಎಷ್ಟು ಇಟ್ಟಿದ್ದೀರಿ?

ನಿಮಗೆ ಗೊತ್ತಿಲ್ಲದ್ದೇನಲ್ಲ. ಅಮೆರಿಕದಲ್ಲಿ ಸರ್ಕಾರದ ದುಡ್ಡಿನಲ್ಲೇ ಮೂರು ಸಾವಿರಕ್ಕೂ ಜಾಸ್ತಿ ಜನರ ಮೇಲೆ ನೋಡಿದರು. ಬಾರ್ಡರ್‌ನಲ್ಲಿದ್ದವರು ತೂಕ ಇಳಿಸಿ, ವಾರಕ್ಕೆ 150 ನಿಮಿಷ ನಡೆದಾಗ ಕಾಯಿಲೆ ಶೇ 58ರಷ್ಟು ಕಡಿಮೆಯಾಯಿತು. ಮಾತ್ರೆಯಿಂದ ಶೇ 31 ಮಾತ್ರ. ಅದು 2002ರ ಮಾತು. ಚೆನ್ನೈನ ಸಂಶೋಧಕರೂ ಇಂಥದೇ ಪರೀಕ್ಷೆ ಮಾಡಿದರು. ಊಟ, ನಡಿಗೆ ಸರಿಮಾಡಿಕೊಂಡವರಲ್ಲಿ ಕಾಯಿಲೆ ಕಡಿಮೆಯಾದದ್ದು ಶೇ 28ರ ಆಸುಪಾಸು ಅಂತ 2006ರಲ್ಲಿ ಲೆಕ್ಕ ಕೊಟ್ಟರು. ಪಕ್ಕದ ಕೇರಳದ ಹಳ್ಳಿಗಳಲ್ಲಿ ಮಾಡಿದ ಪರೀಕ್ಷೆಗೆ ದುಡ್ಡು ಕೊಟ್ಟದ್ದು ಆಸ್ಟ್ರೇಲಿಯಾ ಸರ್ಕಾರ! ಅಲ್ಲಿ ಕಾಯಿಲೆ ಇಳಿಯಿತು ಅಂತ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಒಂದೊಂದು ಕಡೆ ಒಂದೊಂದು ಥರ ಬರುತ್ತೆ ಅಂದಮೇಲೆ ನಮ್ಮಲ್ಲೂ ನೋಡಬೇಕು ತಾನೇ?

2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ ಜನ ಹೆದರಿ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಸರ್ಕಾರ ತಕ್ಷಣ ಸಮಿತಿ ಮಾಡಿತು. ಜೂನ್ 21 ಬಂದರೆ ಯೋಗ ದಿನಕ್ಕೆ ಚಾಪೆ, ಟೀಶರ್ಟು, ಶಾಮಿಯಾನ ಎಲ್ಲಕ್ಕೂ ದುಡ್ಡಿರುತ್ತೆ. ಆ ಯೋಗದಿಂದ ಯಾರ ಶುಗರ್ ಎಷ್ಟು ಇಳಿಯಿತು ಅಂತ ಮಾರನೇ ದಿನ ಕೇಳುವವರಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು, ಸುಮ್ನೆ ಕೂಗಾಡುತ್ತಿಲ್ಲ. ಕೆಲವು ತಾಲೂಕು ಆರಿಸಿ. ಚೀಟಿ ಎತ್ತಿ ಅರ್ಧ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿಂದ ನಮ್ಮದೇ ಊಟದ ಲೆಕ್ಕ, ನಡಿಗೆ ಗುಂಪು ಶುರುಮಾಡಿಸಿ. ಆಶಾಗಳಿಗೆ ಅದಕ್ಕೆ ಬೇರೆ ಸಂಬಳ ಕೊಡಿ, ಅವರ ತಲೆಮೇಲೆ ಈಗಾಗಲೇ ಜಾಸ್ತಿ ಹೊರೆ ಇದೆ. ಉಳಿದ ಹಳ್ಳಿಗಳಲ್ಲಿ ಈಗ ನಡೆಯುತ್ತಿರುವುದೇ ನಡೆಯಲಿ. ಮೂರು ವರ್ಷ ಬಿಟ್ಟು ಎರಡೂ ಕಡೆ ರಕ್ತ ಪರೀಕ್ಷೆ ಮಾಡಿಸಿ. ಪ್ರಯೋಜನ ಆಗಲಿಲ್ಲ ಅಂದರೆ ಅದನ್ನೂ ಮುಚ್ಚಿಡದೆ ಹೇಳಿ, ನಾವೇನೂ ಬೈಯಲ್ಲ.

ದುಡ್ಡು ಇಡಿ ಅಂತ ಮತ್ತೆ ಕೇಳುತ್ತಿದ್ದೇನೆ. ಸಮಿತಿ ಬೇಡ, ಶಿಬಿರ ಬೇಡ. ಮುಂದಿನ ಬಜೆಟ್‌ನಲ್ಲಿ ಈ ಪರೀಕ್ಷೆಯ ಹೆಸರಲ್ಲಿ ಒಂದು ಸಾಲು ಇರಲಿ, ಆ ಸಾಲಿನ ಮುಂದೆ ಒಂದು ಮೊತ್ತ ಇರಲಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ