ಮೆಟ್ಟಿಲಿನಿಂದ ಶುರು ಮಾಡಬೇಡ

ಪ್ರೀತಿಯ ತಮ್ಮಾ,

ನಿನ್ನ ಲೇಖನ ತಲುಪಿತು. ಎರಡು ಸಲ ಓದಿದೆ. ಒಂದು ಸಲ ಬೆಳಗ್ಗೆ ಕಾಫಿ ಕುಡಿಯುತ್ತಾ, ಇನ್ನೊಂದು ಸಲ ಪೆನ್ಸಿಲ್ ಹಿಡಿದುಕೊಂಡು. ಮೊದಲನೇ ಸಲ ಕಣ್ಣು ಒದ್ದೆಯಾಯಿತು. ಎರಡನೇ ಸಲ ಸಿಟ್ಟು ಬಂತು. ಅಷ್ಟು ಸುಲಭಕ್ಕೆ ನನ್ನ ಕಣ್ಣು ಒದ್ದೆ ಮಾಡಿದೆಯಲ್ಲ ಅಂತಲೇ ಸಿಟ್ಟು.

ಇಂಗ್ಲೆಂಡಿನ ಗಾಯಕಿ ಸ್ಯಾಂಡಿ ಡೆನ್ನಿ ಬಗ್ಗೆ ಕನ್ನಡದಲ್ಲಿ ಬರೆಯೋಣ ಅಂತ ನಿನಗೆ ಅನಿಸಿತಲ್ಲ, ಅದೇ ನನಗೆ ಖುಷಿ. ಆದರೆ ನಿನ್ನ ಮೊದಲ ವಾಕ್ಯದಲ್ಲೇ ಅವಳು ಮೆಟ್ಟಿಲಿಂದ ಬೀಳುತ್ತಾಳೆ. ಎರಡನೇ ಪ್ಯಾರಾದಲ್ಲಿ ಆಸ್ಪತ್ರೆ. ಮೂರನೆಯದರಲ್ಲಿ 'ಬರೀ 31 ವರ್ಷ' ಅನ್ನೋ ನಿಟ್ಟುಸಿರು. ಅವಳು ಬಾಯಿ ತೆರೆದು ಹಾಡೋದು ಏಳನೇ ಪ್ಯಾರಾದಲ್ಲಿ. ಅಷ್ಟು ಹೊತ್ತಿಗೆ ಓದುವವರು ತಿಥಿ ಊಟಕ್ಕೆ ಎಲೆ ಹಾಕಿಕೊಂಡು ಕೂತಾಗಿದೆ.

ಒಂದು ಕೆಲಸ ಮಾಡು. ಅವಳ 'ಫಾದರಿಂಗೇ' ಹಾಡನ್ನು ಇನ್ನೊಮ್ಮೆ ಕೇಳು. ಫೇರ್‌ಪೋರ್ಟ್ ಕನ್ವೆನ್ಷನ್ ಗುಂಪು ಸೇರಿದ ಮೇಲೆ ಅವಳು ಹಾಡಿದ ಮೊದಲ ಆಲ್ಬಮ್ಮಿನ ಮೊದಲ ಹಾಡು ಅದು. 1969ರ ಜನವರಿಯಲ್ಲಿ ಬಂತು. ಬರೆದವಳೂ ಅವಳೇ, ಇಪ್ಪತ್ತರ ಆಸುಪಾಸಿನ ಹುಡುಗಿ. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಇಂಗ್ಲೆಂಡಿನಲ್ಲಿ ಸುಮಾರು 19 ವರ್ಷ ಸೆರೆಯಲ್ಲಿಟ್ಟು, ಕೊನೆಗೆ 1587ರ ಫೆಬ್ರವರಿಯಲ್ಲಿ ಫಾದರಿಂಗೇ ಕೋಟೆಯಲ್ಲಿ ತಲೆ ಕಡಿದರು. ಹಾಡು ಅವಳ ಬಗ್ಗೆಯೇ. ಅಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತಿರುವ ಕಥೆ. (ಊರಿನ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು 'ಹೆಚ್' ಜಾಸ್ತಿ ಇದೆ, ಹಾಡಿನಲ್ಲಿ ಇಲ್ಲ. ಕನ್ನಡದಲ್ಲಿ ಬರೆಯೋ ನಮಗೆ ಆ ತಾಪತ್ರಯ ಇಲ್ಲ ಬಿಡು.)

ಈಗ ಹೇಳು, ಆ ಹಾಡಿನಲ್ಲಿ ಕೊಡಲಿ ಎಲ್ಲಿದೆ? ಎಲ್ಲೂ ಇಲ್ಲ. ಒಂದು ಕಿಟಕಿ ಇದೆ. ಇಳಿಯುತ್ತಿರೋ ಬಿಸಿಲಿದೆ, ಆರುತ್ತಿರೋ ಕೆಂಡ ಇದೆ, ಕಾವಲಿರೋ ಬಾಗಿಲಿದೆ. ನಾಳೆ ಅವಳು ಇಲ್ಲಿರೋದಿಲ್ಲ ಅನ್ನೋ ಒಂದು ಸುಳಿವು, ಅಷ್ಟೇ. ಕೊನೆ ಏನು ಅಂತ ಎಲ್ಲರಿಗೂ ಗೊತ್ತಿರೋ ಹೆಂಗಸಿನ ಬಗ್ಗೆ ಹೇಗೆ ಬರೀಬೇಕು ಅನ್ನೋದು ಸ್ಯಾಂಡಿಗೆ ಆ ವಯಸ್ಸಿಗೇ ಗೊತ್ತಿತ್ತು. ಅವಳ ಬಗ್ಗೆ ಬರೆಯೋ ನೀನು ಅದನ್ನು ಅವಳಿಂದಲೇ ಕಲಿಯಬಹುದಿತ್ತಲ್ಲ?

ಬೈತಾ ಇದೀನಿ ಅಂದ್ಕೋಬೇಡ. ನಾನೂ ಇದೇ ತಪ್ಪು ಮಾಡಿದವಳು. ತುಂಬಾ ಹಿಂದಿನ ಮಾತು. ವಾರಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ನನಗೆ ಪರಿಚಯವಿದ್ದ ತತ್ವಪದ ಹಾಡುವ ಅಜ್ಜರೊಬ್ಬರು ತೀರಿಕೊಂಡರು. ಬಡತನ, ಕಾಯಿಲೆ, ಯಾರೂ ಬರಲಿಲ್ಲ, ಹೀಗೆ ಎರಡು ಪುಟ ತುಂಬಿಸಿದೆ. ಆಫೀಸಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಮುಂದೊಂದು ದಿನ ಅವರ ಮಗಳು ಸಂತೆಯಲ್ಲಿ ಸಿಕ್ಕಳು. "ಅಪ್ಪ ಸತ್ತಿದ್ದು ನಮಗೆ ಗೊತ್ತಿತ್ತಲ್ಲಕ್ಕ, ಹೆಂಗೆ ಹಾಡ್ತಿದ್ದ ಅಂತ ಬರೀತೀರ ಅಂದ್ಕಂಡಿದ್ದೆ" ಅಂದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ. ಸುಮ್ನೆ ಹೇಳಿದಳು. ಸೊಪ್ಪಿನ ಕಂತೆ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಆ ಅಜ್ಜ ಹಾಡುವಾಗ ಏಕತಾರಿಯ ತಂತಿ ಸಡಿಲವಾದರೆ ಹಾಡು ನಿಲ್ಲಿಸುತ್ತಿರಲಿಲ್ಲ. ಸಾಲು ಎಳೆಯುತ್ತಲೇ ಎಡಗೈಯಲ್ಲಿ ಬಿರಡೆ ತಿರುಗಿಸುತ್ತಿದ್ದರು. ಶ್ರುತಿ ಕೂಡಿತು ಅಂದರೆ ಮುಖದಲ್ಲಿ ಕಳ್ಳನಗು ಬರುತ್ತಿತ್ತು. ಅದನ್ನು ನಾನು ಹತ್ತಾರು ಸಲ ನೋಡಿದ್ದೆ. ಒಂದು ಸಾಲೂ ಬರೆದಿರಲಿಲ್ಲ.

ಈಗ ನಿನ್ನ ಲೇಖನದ ನಡುಭಾಗಕ್ಕೆ ಬರುತ್ತೇನೆ. ಅಲ್ಲಿ ಸ್ಯಾಂಡಿ ಕಟ್ಟಿದ ಗುಂಪಿನ ವಿಷಯ ಬರುತ್ತೆ. ಹಾಡಿನ ಹೆಸರನ್ನೇ ಗುಂಪಿಗೂ ಇಟ್ಟಳು, ಫಾದರಿಂಗೇ ಅಂತ. 1970ರ ಶುರುವಿನಲ್ಲಿ ಹುಟ್ಟಿ 1971ರ ಜನವರಿಗೆ ಮುಗಿದ ಗುಂಪು. ಒಂದು ವರ್ಷವೂ ಇಲ್ಲ. ನೀನು ಅದಕ್ಕೆ ಮೂರು ಸಾಲು ಕೊಟ್ಟಿದ್ದೀಯ. ಮೂರರಲ್ಲೂ 'ವಿಫಲ' ಅನ್ನೋ ಪದ ಇದೆ. ನನ್ನ ಕೇಳಿದರೆ ನಿನ್ನ ಲೇಖನ ಇರೋದೇ ಅಲ್ಲಿ. ಉಳಿದದ್ದನ್ನೆಲ್ಲ ಕಡಿಮೆ ಮಾಡು, ಆ ವರ್ಷದೊಳಗೆ ಹೋಗಿ ಕೂತುಕೋ.

ಅವಳು ಫೇರ್‌ಪೋರ್ಟ್ ಬಿಟ್ಟಿದ್ದು ಯಾವಾಗ ನೋಡು. 1969ರ ಮೇ ತಿಂಗಳಲ್ಲಿ ಆ ಗುಂಪಿನ ವ್ಯಾನು ಹೆದ್ದಾರಿಯಲ್ಲಿ ಅಪಘಾತವಾಗಿ, ಡ್ರಮ್ಸ್ ನುಡಿಸುತ್ತಿದ್ದ 19ರ ಹುಡುಗ ಮಾರ್ಟಿನ್ ಲ್ಯಾಂಬಲ್ ಸತ್ತ. ಉಳಿದವರು ಹ್ಯಾಂಪ್‌ಶೈರಿನ ಒಂದು ಹಳ್ಳಿಮನೆಯಲ್ಲಿ ಸೇರಿ, ಇಂಗ್ಲೆಂಡಿನ ಹಳೇ ಕಥನಗೀತೆಗಳಿಗೆ ಎಲೆಕ್ಟ್ರಿಕ್ ಗಿಟಾರು, ಪಿಟೀಲು, ಡ್ರಮ್ಸ್ ಕೂಡಿಸಿದರು. ಅದರಿಂದ ಹುಟ್ಟಿದ 'ಲೀಜ್ ಅಂಡ್ ಲೀಫ್' ಆ ವರ್ಷದ ಡಿಸೆಂಬರಿನಲ್ಲಿ ಹೊರಬಂತು. ಇವತ್ತಿಗೂ ಬ್ರಿಟಿಷ್ ಫೋಕ್ ರಾಕ್ ಅಂದರೆ ಮೊದಲು ಅದರ ಹೆಸರೇ ಬರೋದು. ಆಲ್ಬಮ್ ಅಂಗಡಿಗೆ ಬರೋ ಮೊದಲೇ ಸ್ಯಾಂಡಿ ಗುಂಪು ಬಿಟ್ಟಿದ್ದಳು. ಬೇಸ್ ನುಡಿಸುತ್ತಿದ್ದ ಆಶ್ಲಿ ಹಚಿಂಗ್ಸ್‌ಗೆ ಇನ್ನೂ ಹಳೇ ಹಾಡು ಬೇಕಿತ್ತು, ಇವಳಿಗೆ ತನ್ನ ಹಾಡು ತಾನು ಬರೀಬೇಕಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರೂ ಬಿಟ್ಟರು.

ಒಬ್ಬಳೇ ಹಾಡು ಅಂತ ಅವಳ ಪ್ರೊಡ್ಯೂಸರ್ ಜೋ ಬಾಯ್ಡ್ ಹೇಳುತ್ತಲೇ ಇದ್ದ. ಇವಳು ಕೇಳಲಿಲ್ಲ. ತನ್ನ ಗೆಳೆಯ, ಆಸ್ಟ್ರೇಲಿಯಾದ ಟ್ರೆವರ್ ಲ್ಯೂಕಸ್‌ನನ್ನು ಸೇರಿಸಿಕೊಂಡಳು. ಡ್ರಮ್ಸ್‌ಗೆ ಗೆರಿ ಕಾನ್ವೇ, ಬೇಸ್‌ಗೆ ಪ್ಯಾಟ್ ಡೊನಾಲ್ಡ್‌ಸನ್, ಗಿಟಾರಿಗೆ ಅಮೆರಿಕದ ಜೆರಿ ಡೊನಾಹ್ಯು. ನೀನು ಟ್ರೆವರ್‌ನನ್ನು ಖಳನಾಯಕ ಮಾಡಿಬಿಟ್ಟಿದ್ದೀಯ. ಸುಲಭ ಅಲ್ವಾ, ಹೆಣ್ಣು ಹಾಳಾದರೆ ಪಕ್ಕದಲ್ಲಿದ್ದ ಗಂಡಿನ ಮೇಲೆ ಹಾಕೋದು? ಆದರೆ ಈ ಗುಂಪಿನ ಆಲ್ಬಮ್ಮಿನ ಒಂಬತ್ತು ಹಾಡು ವರಸೆಯಾಗಿ ಕೇಳು. ಅವನು ಹಾಡೋ ಹಾಡುಗಳೂ ಇವೆ. ನಡುನಡುವೆ ಅವನ ಗಟ್ಟಿ ದನಿ ಬಂದು ಹೋಗೋದರಿಂದಲೇ ಇವಳದ್ದು ಮತ್ತೆ ಬಂದಾಗ ಹೊಸದಾಗಿ ಕೇಳಿಸುತ್ತೆ. ಒಬ್ಬಳೇ ಮುಂದೆ ನಿಲ್ಲೋದು ಅವಳಿಗೆ ಬೇಡವಾಗಿತ್ತು. ಅದನ್ನು ದೌರ್ಬಲ್ಯ ಅಂತ ಬರೀತೀಯೋ, ಆಸೆ ಅಂತ ಬರೀತೀಯೋ, ನಿನಗೆ ಬಿಟ್ಟದ್ದು. ನಾನು ಆಸೆ ಅನ್ನುತ್ತೇನೆ.

ಆಮೇಲೆ ಆ ಸ್ಪೀಕರುಗಳು! ಎಲ್ಲಿ ಹೋದರೂ ದೊಡ್ಡ ಸೌಂಡ್ ಸಿಸ್ಟಮ್ ಹೊತ್ತುಕೊಂಡು ಹೋಗುತ್ತಿದ್ದರು. ಅದಕ್ಕೆ ಸ್ಟೋನ್‌ಹೆಂಜ್ ಅಂತ ಅಡ್ಡಹೆಸರು. ಕಲ್ಲುಗಂಬಗಳ ಹಾಗೆ ನಿಂತ ಸ್ಪೀಕರುಗಳ ಮುಂದೆ ಇಂಥ ಮೆದು ಹಾಡು. ಇಂಥದ್ದು ನಿನ್ನ ಕೈಗೆ ಸಿಕ್ಕಿಯೂ ಬಿಟ್ಟೆಯಲ್ಲ ಮಾರಾಯ. ದುಡ್ಡು ಹೇಗೆ ಕರಗಿತು ಅಂತ ಪ್ಯಾರಾಗಟ್ಟಲೆ ಬರೆಯೋ ಬದಲು ಆ ಸ್ಪೀಕರ್ ತೋರಿಸಿದ್ದರೆ ಸಾಕಿತ್ತು.

1970ರ ಜೂನಿನಲ್ಲಿ ಆಲ್ಬಮ್ ಬಂತು, ಬ್ರಿಟನ್ನಿನ ಪಟ್ಟಿಯಲ್ಲಿ 18ನೇ ಜಾಗದವರೆಗೆ ಹೋಯಿತು. ಅದೇ ವರ್ಷ 'ಮೆಲಡಿ ಮೇಕರ್' ಅನ್ನೋ ಸಂಗೀತ ಪತ್ರಿಕೆಯ ಓದುಗರು ಸ್ಯಾಂಡಿಯನ್ನು ದೇಶದ ಅತ್ಯುತ್ತಮ ಗಾಯಕಿ ಅಂತ ಆರಿಸಿದರು. ಅಕ್ಟೋಬರ್ 2ಕ್ಕೆ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಾರ್ಯಕ್ರಮ. ಇವರಿಗಿಂತ ಮೊದಲು ಹಾಡೋಕೆ ಒಬ್ಬ ಹುಡುಗನನ್ನು ಕರೆಸಿದ್ದರು. ಎಲ್ಟನ್ ಜಾನ್. ಪಿಯಾನೋ ಮುಂದೆ ಅವನು ಆಡಿದ ಆಟಕ್ಕೆ ಸಭೆ ಎದ್ದು ಕುಣಿಯಿತು. ಅದಾದ ಮೇಲೆ ಇವರು ಬಂದು ಮೆಲ್ಲಗೆ ಹಾಡಬೇಕು. 'ಹೀನಾಯ ಸೋಲು' ಅಂತ ನೀನು ಬರೆದಿದ್ದೀಯ. ಅದು ಪೇಪರಿನವರ ಭಾಷೆ. ಯಕ್ಷಗಾನ ನೋಡಿದವನಲ್ವಾ ನೀನು? ಆರ್ಭಟದ ವೇಷ ಕುಣಿದು ಹೋದ ಮೇಲೆ ರಂಗಕ್ಕೆ ಬರೋ ಸ್ತ್ರೀವೇಷದ ಕಷ್ಟ ನಿನಗೆ ಗೊತ್ತಿರಬೇಕು. ಸೋತವರು ಯಾರು ಅಂತ ಹೇಳೋದಕ್ಕಿಂತ, ಪರದೆ ಹಿಂದೆ ನಿಂತು ಆ ಚಪ್ಪಾಳೆ ಕೇಳಿಸಿಕೊಳ್ಳೋದು ಹೇಗಿರುತ್ತೆ ಅಂತ ಯೋಚಿಸು.

ಇನ್ನು ದನಿಯ ವಿಷಯ. 'ಮಾಂತ್ರಿಕ ಕಂಠ' ಅಂತ ನಾಲ್ಕು ಸಲ ಬರೆದಿದ್ದೀಯ. ಎಣಿಸಿದ್ದೇನೆ. ನಾಲ್ಕನ್ನೂ ಹೊಡೆದುಹಾಕು. ಆ ಜಾಗದಲ್ಲಿ 'ಬ್ಯಾಂಕ್ಸ್ ಆಫ್ ದ ನೈಲ್' ಇಡು. ಆಲ್ಬಮ್ಮಿನ ಕೊನೇ ಹಾಡು, ಎಂಟು ನಿಮಿಷದಷ್ಟು ಉದ್ದ. ಅವಳು ಬರೆದದ್ದಲ್ಲ, ಜನಪದದ್ದು. ಈಜಿಪ್ಟಿನ ಯುದ್ಧಕ್ಕೆ ಹೊರಟ ಸಿಪಾಯಿ, ಅವನನ್ನು ಬಿಟ್ಟಿರಲಾರದ ಹುಡುಗಿ. ಕೂದಲು ಕತ್ತರಿಸಿಕೊಂಡು ಗಂಡುವೇಷ ಹಾಕಿ ನಾನೂ ಬರ್ತೀನಿ ಅನ್ನುತ್ತಾಳೆ. ಬೇಡ, ಅಲ್ಲಿನ ಬಿಸಿಲು ನಿನಗೆ ಆಗಿಬರಲ್ಲ ಅನ್ನುತ್ತಾನೆ ಅವನು. ಕಥೆ ಇಷ್ಟೇ.

ಅದನ್ನು ಅವಳು ಹಾಡೋದು ನೋಡು. ಅವನ ಮಾತಿಗೊಂದು ದನಿ, ಇವಳ ಮಾತಿಗೊಂದು ದನಿ ಅಂತ ನಾಟಕ ಮಾಡಲ್ಲ. ಒಂದೇ ದನಿ. ಸಾಲಿನ ಕೊನೆಯ ಅಕ್ಷರವನ್ನು ಸ್ವಲ್ಪ ಬಳುಕಿಸಿ, ಅಳು ಬರೋ ಹೊತ್ತಿಗೆ ಸರಿಯಾಗಿ ಬಿಟ್ಟುಬಿಡುತ್ತಾಳೆ. ಉಳಿದದ್ದನ್ನು ಗಿಟಾರು ನೋಡಿಕೊಳ್ಳುತ್ತೆ. ನನ್ನ ಅಕ್ಕನ ಮಗ ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟಿದ್ದ ಹಾಡು ಅದು. ಮೊದಲ ಸಲ ಕೇಳಿದ್ದು ಅಕ್ಕಿ ಆರಿಸುತ್ತಾ. ಹಾಡು ಮುಗಿದಾಗ ಮೊರದಲ್ಲಿ ಅಕ್ಕಿ ಹಾಗೇ ಇತ್ತು, ಒಂದು ಕಲ್ಲೂ ಆರಿಸಿರಲಿಲ್ಲ. ನಿನಗೂ ಹೀಗೇನಾದರೂ ಆಗಿರುತ್ತಲ್ವಾ? ಅದನ್ನು ಬರೆ. ಅವಳ ದನಿ ಕೇಳಿದಾಗ ನಿನ್ನ ಕೈ ಏನು ಮಾಡುತ್ತಿತ್ತು?

ಗುಂಪು ಒಡೆದದ್ದರ ಬಗ್ಗೆ ಜಾಸ್ತಿ ಎಳೆಯಬೇಡ. ಎರಡನೇ ಆಲ್ಬಮ್ಮಿನ ಕೆಲಸ ಅರ್ಧಕ್ಕೆ ಬಂದಿತ್ತು. ಬಾಯ್ಡ್‌ಗೆ ಗುಂಪೇ ಇಷ್ಟ ಇರಲಿಲ್ಲ. ಅವನು ವಾರ್ನರ್ ಬ್ರದರ್ಸ್ ಕೆಲಸಕ್ಕೆ ಕ್ಯಾಲಿಫೋರ್ನಿಯಾಗೆ ಹೊರಟ. ಗುಂಪು ಬಿಟ್ಟರೆ ಅವನು ಇಲ್ಲೇ ಉಳಿಯುತ್ತಾನೆ ಅಂತ ಸ್ಯಾಂಡಿ ತಿಳಿದಿದ್ದಳು ಅನ್ನುತ್ತಾರೆ. ಗುಂಪೂ ಹೋಯಿತು, ಅವನೂ ಹೋದ. ಇದಕ್ಕೆ ಐದು ಸಾಲು ಸಾಕು. ಯಾರದ್ದು ತಪ್ಪು ಅಂತ ತೀರ್ಪು ಕೊಡೋಕೆ ನಾವೇನು ಪಂಚಾಯಿತಿ ಕಟ್ಟೆ ಮೇಲೆ ಕೂತಿಲ್ಲ.

ಆಮೇಲಿನ ಏಳು ವರ್ಷವನ್ನೂ ಬರೀ ಇಳಿಜಾರು ಅಂತ ಬರೀಬೇಡ. ಒಬ್ಬಳೇ ನಾಲ್ಕು ಆಲ್ಬಮ್ ಮಾಡಿದಳು. ಲೆಡ್ ಜೆಪ್ಪೆಲಿನ್ ಅನ್ನೋ ರಾಕ್ ಗುಂಪಿನ ಜೊತೆ 1971ರಲ್ಲಿ ಒಂದು ಹಾಡು ಹಾಡಿದಳು. ನಡುವೆ ಫೇರ್‌ಪೋರ್ಟಿಗೆ ವಾಪಸ್ ಹೋಗಿ ಬಂದಳು. ಟ್ರೆವರ್‌ನನ್ನು ಮದುವೆಯಾದಳು. 1977ರಲ್ಲಿ ಮಗಳು ಹುಟ್ಟಿದಳು. ಕುಡಿತವೂ ಇತ್ತು. ಇತ್ತು ಅಂತ ಬರೆ, ಮುಂದೆ ಹೋಗು.

ಇನ್ನೊಂದು ಸಂಗತಿ ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ. ನಿನಗೆ ಗೊತ್ತಿಲ್ಲ ಅಂದರೆ ನಂಬಲ್ಲ. ಅರ್ಧಕ್ಕೆ ನಿಂತಿತ್ತಲ್ಲ, ಆ ಎರಡನೇ ಆಲ್ಬಮ್? ಜೆರಿ ಡೊನಾಹ್ಯು ಹಳೇ ಟೇಪುಗಳನ್ನು ಹುಡುಕಿ ತೆಗೆದ. ಕಾನ್ವೇ, ಡೊನಾಲ್ಡ್‌ಸನ್ ಇಬ್ಬರೂ ಜೊತೆ ಸೇರಿದರು. 2008ರಲ್ಲಿ ಅದು 'ಫಾದರಿಂಗೇ 2' ಅಂತ ಹೊರಬಂತು. ಆ ಹೊತ್ತಿಗೆ ಸ್ಯಾಂಡಿ ಹೋಗಿ 30 ವರ್ಷ, ಟ್ರೆವರ್ ಹೋಗಿ 19 ವರ್ಷ. ಮೂವರು ವಯಸ್ಸಾದವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, 23ರ ಹುಡುಗಿಯ ದನಿಗೆ ತಮ್ಮ ವಾದ್ಯ ಜೋಡಿಸುತ್ತಿದ್ದಾರೆ. ನಾನಾಗಿದ್ದರೆ ಲೇಖನ ಅಲ್ಲಿಂದ ಶುರು ಮಾಡುತ್ತಿದ್ದೆ. ನೀನು ಹಾಗೇ ಮಾಡಬೇಕು ಅಂತೇನಿಲ್ಲ.

ಮೆಟ್ಟಿಲು ಬೇಕೇ ಬೇಕು ಅಂದರೆ ಕೊನೆಯ ಕಡೆಗೆ, ತಾರೀಖು ಹಾಕಿ, ಒಂದೇ ಸಾಲಿನಲ್ಲಿ ಬರೆ. ಅವಳು ತೀರಿಕೊಂಡದ್ದು 1978ರ ಏಪ್ರಿಲ್ 21. ಬೀಳೋ ಸದ್ದು ನಮಗೆ ಕೇಳಿಸೋದು ಬೇಡ.

ನಿನ್ನ ಕರಡು ಪೋಸ್ಟಿನಲ್ಲಿ ವಾಪಸ್ ಕಳಿಸಿದ್ದೇನೆ, ಪೆನ್ಸಿಲ್ ಗುರುತು ನೋಡಿ ಹೆದರಬೇಡ. ಹೊಸದನ್ನು ಬರೆದ ಮೇಲೆ ಫೋನ್ ಮಾಡು. ಸಂಜೆ ಆರರ ಮೇಲೆ ಮಾಡು, ಮಧ್ಯಾಹ್ನ ಮಲಗಿರುತ್ತೇನೆ. ಇನ್ನು ಮೇಡಂ ಅನ್ನೋದು ಬಿಡು.

ನಿನ್ನ
ಅಕ್ಕ